ಪೊಟ್ಟಣದ ಮೇಲೆ 'ಓಷನ್ ಫಿಶ್', ಒಳಗೆ ಯಾವ ಮೀನು?

ಬೆಕ್ಕಿನ ಒಣ ಆಹಾರದ ಪೊಟ್ಟಣದ ಮುಖಕ್ಕೆ 'ಓಷನ್ ಫಿಶ್' ಎಂದು ದೊಡ್ಡದಾಗಿ ಬರೆದಿರುತ್ತದೆ. ಮಗುಚಿ ಹಿಂಬದಿ ಓದಿದರೆ ಸಾಮಾನ್ಯವಾಗಿ ಸಿಗುವುದು ಮೆಕ್ಕೆಜೋಳ, ಕಾರ್ನ್ ಗ್ಲುಟನ್, ಕೋಳಿಯ ಪುಡಿ, ಸೋಯಾ. ಇವೆಲ್ಲ ಮುಗಿದ ಮೇಲೆ ಎಲ್ಲೋ ಒಂದು ಕಡೆ 'ಫಿಶ್‌ಮೀಲ್'. ಯಾವ ಮೀನು, ಯಾವ ಕಡಲಿನದು, ಯಾವ ಬಲೆಗೆ ಬಿದ್ದದ್ದು ಎಂಬ ಸುದ್ದಿಯೇ ಇಲ್ಲ. ಕಿವಿರು ಎತ್ತಿ ನೋಡದೆ ನಾಲ್ಕು ಬಂಗುಡೆಗೂ ದುಡ್ಡು ಕೊಡದ ಮಂಗಳೂರು-ಉಡುಪಿಯ ಜನ, ಪೆಟ್ ಅಂಗಡಿಯಲ್ಲಿ ಮಾತ್ರ ಹೆಸರಿಲ್ಲದ ಮೀನನ್ನು ಕಿಲೋಗಟ್ಟಲೆ ತರುತ್ತಾರೆ.

ಬೆಕ್ಕಿಗೆ 'ನ್ಯಾಯವಾದ' ಆಹಾರ ಯಾವುದು ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಉತ್ತರವಾಗಿ ಸಿಗುವುದು ಮಾತ್ರ 'ನ್ಯಾಚುರಲ್', 'ಸಸ್ಟೇನಬಲ್', 'ಹ್ಯೂಮನ್ ಗ್ರೇಡ್' ಎಂಬ ಪದಗಳು. ಪೊಟ್ಟಣದ ಮುಖದ ಮೇಲಿನ ಇಂಥ ಪದಗಳನ್ನು ಕೊಳ್ಳುವವರು ಪರೀಕ್ಷಿಸುವ ದಾರಿಯೇ ಇಲ್ಲ. ಪರೀಕ್ಷಿಸಲು ಆಗುವ ಸಂಗತಿಗಳು ಬೇರೆ ಇವೆ: ಜಾತಿಯ ಹೆಸರು, ತಯಾರಾದ ದೇಶ, ಮೀನಿನ ಯಾವ ಭಾಗ, ಆಹಾರ ಪರಿಪೂರ್ಣವೋ ಪೂರಕವೋ. ಕರಾವಳಿಯಲ್ಲಿ ಇವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೂರನೆಯದು. ಮನುಷ್ಯ ತಿಂದುಳಿದ ತಲೆ-ಬಾಲ ಬೆಕ್ಕಿಗೆ ಹೋದರೆ ಕಡಲಿಗೆ ನಷ್ಟವಿಲ್ಲ. ಮರಿಮೀನು ಪುಡಿಯಾಗಿ ಹೋದರೆ ನಷ್ಟವಿದೆ. ಪೊಟ್ಟಣದ ಭಾಷೆಯಲ್ಲಿ ಎರಡಕ್ಕೂ ಒಂದೇ ಹೆಸರು, ಫಿಶ್‌ಮೀಲ್.

ಪುಡಿಯಾಗುವ ಮೀನು

ಉಳ್ಳಾಲದ ಕೋಟೆಪುರ, ಮುಕ್ಕ, ಉದ್ಯಾವರದ ಪಿತ್ರೋಡಿ ಕಡೆ ಗಾಳಿ ಬೀಸಿದಾಗ ಮೂಗಿಗೆ ಬಡಿಯುವ ವಾಸನೆ ಯಾವುದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಫಿಶ್‌ಮೀಲ್ ಕಾರ್ಖಾನೆಯ ಕೆಲಸ ಸರಳ. ಮೀನನ್ನು ಸುಮಾರು 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ, ಸ್ಕ್ರೂ ಪ್ರೆಸ್‌ನಲ್ಲಿ ಹಿಂಡುತ್ತಾರೆ. ಹಿಂಡಿದ ದ್ರವದಿಂದ ಎಣ್ಣೆ ಬೇರ್ಪಡುತ್ತದೆ. ಉಳಿದ ಹಿಂಡಿಯನ್ನು ಒಣಗಿಸಿ ಪುಡಿ ಮಾಡುತ್ತಾರೆ. ಮೀನಿನ ಮುಕ್ಕಾಲು ಭಾಗದಷ್ಟು ನೀರೇ ಆದ್ದರಿಂದ ಒಂದು ಕಿಲೋ ಪುಡಿಗೆ ನಾಲ್ಕರಿಂದ ಐದು ಕಿಲೋ ಹಸಿ ಮೀನು ಬೇಕು.

ಆ ಹಸಿ ಮೀನು ಎಲ್ಲಿಂದ ಬರುತ್ತದೆ ಎಂಬುದರಲ್ಲೇ ಇಡೀ ವಿಷಯವಿದೆ. ಒಂದಷ್ಟು ಪಾಲು ಸಂಸ್ಕರಣಾ ಘಟಕಗಳಲ್ಲಿ ಕತ್ತರಿಸಿ ಉಳಿದ ತಲೆ, ಮುಳ್ಳು, ಕರುಳು. ಸುರಿಮಿ ಎಂಬ ಮೀನುಮಾಂಸದ ಹಿಟ್ಟಿಗೆ ಮದ್ಮಲ್ ಮೀನಿನ ಮಾಂಸ ತೆಗೆದ ಮೇಲೆ ಉಳಿಯುವ ಭಾಗವೂ ಇದರಲ್ಲೇ ಸೇರುತ್ತದೆ. ಇನ್ನೊಂದಷ್ಟು, ಒಂದೇ ಸಲ ಬೂತಾಯಿ, ಅಂದರೆ ಸಾರ್ಡೀನ್, ರಾಶಿ ಬಿದ್ದು ದರ ಕುಸಿದಾಗ ದಕ್ಕೆಯಿಂದ ನೇರ ಲಾರಿಗೆ ಹೋಗುವ ಮೀನು. ಮೂರನೆಯದು ಟ್ರಾಲ್ ಬೋಟಿನ ಬಲೆಯ ಕೊನೆಯ ಚೀಲದಲ್ಲಿ ಬೇಡದೆ ಬಂದು ಬೀಳುವ ಕಸಮೀನು. ಅದರಲ್ಲಿ ನಾಳೆ ದೊಡ್ಡದಾಗಿ ಕಿಲೋಗೆ ನೂರಾರು ರೂಪಾಯಿ ತರಬಹುದಾಗಿದ್ದ ಮದ್ಮಲ್, ಕೊಡ್ಡೈ, ಪಾಂಬೋಲ್‌ಗಳ ಮರಿಗಳೂ ಇರುತ್ತವೆ. ಚೀಲದ ಬಲೆಗೆ ಕನಿಷ್ಠ 35 ಮಿಲಿಮೀಟರ್ ಚೌಕ ಕಣ್ಣು ಇರಲಿ, ಮರಿಗಳು ತಪ್ಪಿಸಿಕೊಳ್ಳಲಿ ಎಂದು ಮೀನುಗಾರಿಕೆ ವಿಜ್ಞಾನಿಗಳು ಹೇಳುತ್ತ ಬಂದದ್ದು ಇದಕ್ಕೇ. ವಜ್ರಾಕೃತಿಯ ಕಣ್ಣು ಎಳೆದಾಗ ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇರುತ್ತದೆ. ಪಕ್ಕದ ಕೇರಳ 2015ರಲ್ಲಿ ಹಿಡಿಯಬಹುದಾದ ಕನಿಷ್ಠ ಅಳತೆಯನ್ನು ಗೊತ್ತು ಮಾಡಿತು: ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಮಾರುಕಟ್ಟೆಯಲ್ಲಿ ಕೈಬೆರಳನ್ನೇ ಅಳತೆಗೋಲು ಮಾಡಿಕೊಂಡರೂ ಸಾಕು.

ಹಾಗೆಂದು ಫಿಶ್‌ಮೀಲ್‌ಗೆ ಹೋಗುವುದೆಲ್ಲ ಮರಿಯೇ ಎನ್ನುವುದೂ ತಪ್ಪು. ಮಲ್ಪೆಯವರು 'ಕಾರ್ಗಿಲ್ ಮೀನು' ಎಂದು ಕರೆಯುವ ಟ್ರಿಗರ್ ಮೀನು ಬಲೆಗೆ ಹೇರಳವಾಗಿ ಬೀಳುತ್ತದೆ. ದಪ್ಪ ಚರ್ಮದ ಆ ಮೀನನ್ನು ಇಲ್ಲಿ ತಿನ್ನುವವರು ಕಡಿಮೆ. ಬೆಳೆದ, ಬೇರೆ ಗಿರಾಕಿಯಿಲ್ಲದ ಮೀನು ಪುಡಿಯಾದರೆ ಅಷ್ಟೇನೂ ತಕರಾರಿಲ್ಲ. ತೊಂದರೆ ಇರುವುದು ಎಲ್ಲವೂ ಒಂದೇ ಪುಡಿಯಲ್ಲಿ ಬೆರೆತು, ಕೊಳ್ಳುವವರಿಗೆ ಬೇರ್ಪಡಿಸಿ ನೋಡುವ ಉಪಾಯವೇ ಇಲ್ಲದಿರುವುದರಲ್ಲಿ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ನಾಲ್ಕು ಕಿಲೋ ತೂಗುವ, ಸಂತಾನಹರಣ ಮಾಡಿಸಿದ ಬೆಕ್ಕಿಗೆ ದಿನಕ್ಕೆ ಸುಮಾರು 240 ಕಿಲೋ ಕ್ಯಾಲರಿ ಸಾಕು. ಒಣ ಆಹಾರದಲ್ಲಿ 100 ಗ್ರಾಂಗೆ 350ರಿಂದ 400 ಕಿಲೋ ಕ್ಯಾಲರಿ ಇರುವುದರಿಂದ ದಿನಕ್ಕೆ ಅಂದಾಜು 60ರಿಂದ 65 ಗ್ರಾಂ, ವರ್ಷಕ್ಕೆ 22-23 ಕಿಲೋ. ಅದರಲ್ಲಿ ಫಿಶ್‌ಮೀಲ್ ಹತ್ತು ಶೇಕಡಾ ಎಂದಿಟ್ಟುಕೊಂಡರೆ ಎರಡೂಕಾಲು ಕಿಲೋ ಪುಡಿ, ಅಂದರೆ ಹತ್ತು ಕಿಲೋ ಹಸಿ ಮೀನು. ಅದಷ್ಟೂ ತಲಾ ಐದು ಗ್ರಾಮಿನ ಮರಿಯಾಗಿದ್ದರೆ ಎರಡು ಸಾವಿರ ಮರಿ. ಅದಷ್ಟೂ ತಲೆ-ಮುಳ್ಳಾಗಿದ್ದರೆ ಒಂದು ಮೀನೂ ಹೆಚ್ಚಿಗೆ ಸತ್ತಿಲ್ಲ. ಬೆಕ್ಕು ಅದೇ, ಪೊಟ್ಟಣ ಅದೇ, ಬೆಲೆಯೂ ಅದೇ.

ಜಗತ್ತಿನ ಫಿಶ್‌ಮೀಲ್‌ನ ದೊಡ್ಡ ಪಾಲು ಸೀಗಡಿ ಮತ್ತು ಮೀನು ಸಾಕಣೆಗೆ ಹೋಗುತ್ತದೆ, ಬೆಕ್ಕಿಗಲ್ಲ ಎಂಬುದನ್ನೂ ಹೇಳಬೇಕು. ಆದರೂ ಬೆಕ್ಕಿನ ಪಾಲು ತಳ್ಳಿಹಾಕುವಷ್ಟು ಸಣ್ಣದಲ್ಲ. 2008ರಲ್ಲಿ ಆಸ್ಟ್ರೇಲಿಯದ ಡೀಕಿನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಜಗತ್ತಿನ ಬೆಕ್ಕಿನ ಆಹಾರದ ಉದ್ಯಮ ವರ್ಷಕ್ಕೆ ಸುಮಾರು 24.8 ಲಕ್ಷ ಟನ್ ಸಣ್ಣ ಜಾತಿಯ ಮೀನನ್ನು ಬಳಸುತ್ತದೆ ಎಂದು ಅಂದಾಜು ಮಾಡಿದ್ದರು. ಬೂತಾಯಿಯಂಥ ಮೀನಿನ ಭವಿಷ್ಯ ಎಷ್ಟು ಬೇಗ ಏರುಪೇರಾಗುತ್ತದೆ ಎಂಬುದಕ್ಕೆ ಕೇರಳದ ಅಂಕಿಯೇ ಸಾಕು: 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರವಿದ್ದದ್ದು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಅದಕ್ಕೆ ಕಡಲಿನ ವಾತಾವರಣದ ಬದಲಾವಣೆಯದ್ದೂ ದೊಡ್ಡ ಕೈ ಇದೆ. ಆದರೆ ಮೀನು ಕಡಿಮೆಯಾದ ವರ್ಷಗಳಲ್ಲಿ ಮರಿಯನ್ನೂ ಹಿಡಿದರೆ ಅದು ಚೇತರಿಸಿಕೊಳ್ಳುವುದು ಇನ್ನಷ್ಟು ನಿಧಾನವಾಗುತ್ತದೆ.

ಪೌಚಿನ ಟ್ಯೂನಾ

ಒಣ ಆಹಾರದ ಪ್ರಶ್ನೆ ಮರಿಮೀನಿನದಾದರೆ, ಪೌಚಿನದ್ದು ಮನುಷ್ಯರದು. ನಮ್ಮ ಅಂಗಡಿಗಳಲ್ಲಿ ಸಿಗುವ ಟ್ಯೂನಾ ಪೌಚುಗಳಲ್ಲಿ ಹಲವು ಥಾಯ್ಲೆಂಡ್‌ನಲ್ಲಿ ತಯಾರಾದವು. ಥಾಯ್ ಮೀನುಗಾರಿಕಾ ಹಡಗುಗಳಲ್ಲಿ ಬರ್ಮಾ ಮತ್ತು ಕಾಂಬೋಡಿಯಾದ ಬಡ ಕೂಲಿಗಳನ್ನು ವರ್ಷಗಟ್ಟಲೆ ದಡ ಕಾಣಿಸದೆ ದುಡಿಸಿಕೊಂಡದ್ದು 2015ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಮತ್ತು ನ್ಯೂಯಾರ್ಕ್ ಟೈಮ್ಸ್ ತನಿಖಾ ವರದಿಗಳಿಂದ ಬಯಲಾಯಿತು. ಹಾಗೆ ಹಿಡಿದ ಮೀನು ಸಾಕುಪ್ರಾಣಿಗಳ ಆಹಾರಕ್ಕೂ ಹೋಗುತ್ತಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟ ಅಕ್ರಮ ಮೀನುಗಾರಿಕೆಗಾಗಿ ಥಾಯ್ಲೆಂಡ್‌ಗೆ 'ಹಳದಿ ಕಾರ್ಡ್' ತೋರಿಸಿತು. ನವೆಂಬರ್‌ನಲ್ಲಿ ನೆಸ್ಲೆ ಕಂಪನಿ ತನ್ನದೇ ಪೂರೈಕೆ ಸರಪಳಿಯಲ್ಲಿ ಬಲವಂತದ ದುಡಿಮೆ ಕಂಡುಬಂದಿದೆ ಎಂಬ ವರದಿಯನ್ನು ತಾನೇ ಹೊರಹಾಕಿತು. ಕಾನೂನು ಬಿಗಿಯಾದ ಮೇಲೆ 2019ರ ಜನವರಿಯಲ್ಲಿ ಹಳದಿ ಕಾರ್ಡ್ ತೆಗೆದರು.

ಹಾಗಾಗಿ 'ಥಾಯ್ಲೆಂಡ್‌ನಲ್ಲಿ ತಯಾರಿಸಿದ್ದು' ಎಂದು ಕಂಡೊಡನೆ ಪೌಚನ್ನು ಕೆಳಗಿಡಬೇಕಾಗಿಲ್ಲ. ಮೀನಿನ ಜಾತಿ, ಹಿಡಿದ ಸಮುದ್ರ, ಹಿಡಿದ ವಿಧಾನ ಬರೆದಿರುವ ಪೌಚು ಮತ್ತು 'ಟ್ಯೂನಾ' ಎಂದಷ್ಟೇ ಇರುವ ಪೌಚು ಇವುಗಳಲ್ಲಿ ಮೊದಲನೆಯದನ್ನು ಆರಿಸಿ. 'ಸ್ಕಿಪ್‌ಜಾಕ್ ಟ್ಯೂನಾ, ಗಾಳದಲ್ಲಿ ಹಿಡಿದದ್ದು' ಎಂದು ಬರೆಯುವವನಿಗೆ ಆ ಮಾತನ್ನು ಉಳಿಸಿಕೊಳ್ಳುವ ದಾಖಲೆಯೂ ಬೇಕಾಗುತ್ತದೆ. ಇನ್ನೊಂದು ಮಾತು: ನಾವು ಕೇದಾರ್ ಎನ್ನುವ ಟ್ಯೂನಾ ಮೀನು ಬೆಕ್ಕಿಗೆ ಬೇಕೇಬೇಕಾದದ್ದೇನಲ್ಲ. ಟ್ಯೂನಾ ಹಿಡಿದ ಬೆಕ್ಕನ್ನು ಯಾವ ಕಾಡಿನಲ್ಲೂ ಯಾರೂ ಕಂಡಿಲ್ಲ.

ಹಿಂಬದಿಯ ಸಣ್ಣ ಅಕ್ಷರ

2006ರ ಆಹಾರ ಸುರಕ್ಷತಾ ಕಾಯ್ದೆ 'ಆಹಾರ' ಪದದ ವ್ಯಾಖ್ಯೆಯಿಂದಲೇ ಪ್ರಾಣಿಗಳ ಮೇವನ್ನು ಹೊರಗಿಟ್ಟಿದೆ. ನಮ್ಮ ಬಿಸ್ಕತ್ತಿನ ಪೊಟ್ಟಣಕ್ಕಿರುವ ಕಾವಲು ಬೆಕ್ಕಿನ ಪೊಟ್ಟಣಕ್ಕೆ ಇಲ್ಲ. ನಾಯಿ-ಬೆಕ್ಕುಗಳ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 11968:2019 ಎಂಬ ಮಾನದಂಡವಿದೆ, ಆದರೆ ಅದು ಸ್ವಯಂಪ್ರೇರಿತ. ಕಡ್ಡಾಯವಾಗಿ ಸಿಗುವುದು 2011ರ ಪೊಟ್ಟಣ ಸರಕುಗಳ ನಿಯಮದ ವಿವರಗಳು: ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ, ಆಮದಾಗಿದ್ದರೆ ಮೂಲ ದೇಶ, ತಿಂಗಳು-ವರ್ಷ, ತೂಕ, ಬೆಲೆ, ದೂರು ಹೇಳಲು ಫೋನ್ ಅಥವಾ ಇಮೇಲ್. ವಿದೇಶಿ ಪೌಚಿನ ಮೇಲೆ ಅಂಟಿಸಿರುವ ಬಿಳಿ ಚೀಟಿಯಲ್ಲಿ ಇವು ಇರುತ್ತವೆ. ಆ ಚೀಟಿಯೇ ಇಲ್ಲದಿದ್ದರೆ ಸರಕು ಬಂದ ದಾರಿಯ ಬಗ್ಗೆ ಅನುಮಾನ ಪಡಲು ಅಷ್ಟು ಸಾಕು.

ಮುಂಬದಿಯ ಹೆಸರಿನಲ್ಲೂ ಒಂದು ಲೆಕ್ಕಾಚಾರವಿದೆ. ಅಮೆರಿಕದ ಮೇವು ನಿಯಂತ್ರಣಾಧಿಕಾರಿಗಳ ಸಂಘದ, ಅಂದರೆ ಆಫ್ಕೋದ ನಿಯಮದಂತೆ ಹೆಸರೇ 'ಟ್ಯೂನಾ' ಎಂದಿದ್ದರೆ ನೀರು ಬಿಟ್ಟು 95 ಶೇಕಡಾ ಟ್ಯೂನಾ ಇರಬೇಕು. 'ಟ್ಯೂನಾ ಡಿನ್ನರ್' ಎಂದರೆ 25 ಶೇಕಡಾ ಸಾಕು, 'ವಿತ್ ಟ್ಯೂನಾ' ಎಂದರೆ 3. 'ಟ್ಯೂನಾ ಫ್ಲೇವರ್' ಎಂದರೆ ಬರೀ ವಾಸನೆಯೂ ನಡೆಯುತ್ತದೆ. ಇಲ್ಲಿಗೆ ಆ ನಿಯಮ ಕಟ್ಟುಪಾಡಲ್ಲ, ಆದರೆ ಆಮದು ಪೊಟ್ಟಣಗಳನ್ನು ಓದಲು ಕೀಲಿಕೈಯಾಗುತ್ತದೆ. 'ಫ್ಲೇವರ್' ಎಂದಿರುವ ಪೊಟ್ಟಣಕ್ಕೆ ಮೀನಿನ ಬೆಲೆ ತೆರಬೇಡಿ.

ಪ್ರೋಟೀನಿನ ಅಂಕಿಯನ್ನೂ ಹಾಗೇ ಹೋಲಿಸಿದರೆ ಮೋಸ ಹೋಗುತ್ತೇವೆ. ಒಣ ಆಹಾರದಲ್ಲಿ 30 ಶೇಕಡಾ, ಪೌಚಿನಲ್ಲಿ 8 ಎಂದು ಬರೆದಿರುತ್ತದೆ. ನೀರು ಕಳೆದು ನೋಡಬೇಕು. ಒಣದರಲ್ಲಿ ನೀರು 10, ಉಳಿದ 90ರಲ್ಲಿ 30 ಎಂದರೆ 33 ಶೇಕಡಾ. ಪೌಚಿನಲ್ಲಿ ನೀರು 82, ಉಳಿದ 18ರಲ್ಲಿ 8 ಎಂದರೆ 44. ಆಫ್ಕೋ ಹೇಳುವ ಕನಿಷ್ಠ, ನೀರು ಕಳೆದು, ಬೆಳೆದ ಬೆಕ್ಕಿಗೆ 26, ಮರಿಗೆ 30. ಇದರ ಜತೆಗೆ ಹುಡುಕಬೇಕಾದ ಒಂದೇ ಒಂದು ಪದ 'ಕಂಪ್ಲೀಟ್'. 'ಕಾಂಪ್ಲಿಮೆಂಟರಿ' ಎಂದಿರುವ ಪೌಚು, ಎಷ್ಟೇ ಶುದ್ಧ ಮೂಲದ್ದಾಗಿದ್ದರೂ, ಬರೀ ನಂಜಿಕೊಳ್ಳಲು. ಅದನ್ನೇ ಊಟ ಮಾಡಿಸಿ ಬೆಕ್ಕನ್ನು ಸೊರಗಿಸಿದವರು ಇದ್ದಾರೆ.

ಮೊಸರನ್ನ ಯಾಕೆ ಸಾಲದು

ಉಡುಪಿ, ಕಾರ್ಕಳ, ಮೂಡುಬಿದಿರೆಯ ಎಷ್ಟೋ ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ, ಮೊಸರನ್ನ ಹಾಕುವುದು ರೂಢಿ. ಹಿಂದೆ ಅದು ನಡೆಯುತ್ತಿತ್ತು, ಏಕೆಂದರೆ ಬೆಕ್ಕು ಉಳಿದದ್ದನ್ನು ಅಟ್ಟದ ಇಲಿ, ಹಿತ್ತಲಿನ ಓತಿಕ್ಯಾತಗಳಲ್ಲಿ ಸರಿದೂಗಿಸಿಕೊಳ್ಳುತ್ತಿತ್ತು. ಫ್ಲ್ಯಾಟಿನ ನಾಲ್ಕನೇ ಮಹಡಿಯ ಬೆಕ್ಕಿಗೆ ಇಲಿ ಎಲ್ಲಿಂದ ಬರಬೇಕು?

ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಅಮೈನೋ ಆಮ್ಲವನ್ನು ಸಾಕಷ್ಟು ತಯಾರಿಸಿಕೊಳ್ಳಲು ಬರುವುದಿಲ್ಲ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನನ್ನು ಎ ಜೀವಸತ್ವವಾಗಿ ಬದಲಿಸಿಕೊಳ್ಳಲೂ ಬರುವುದಿಲ್ಲ. ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಂಶವೂ ಮಾಂಸದಿಂದಲೇ ಬರಬೇಕು. ಟಾರಿನ್ ಕೊರತೆಯಾದರೆ ಕಣ್ಣಿನ ರೆಟಿನಾ ಸವೆಯುತ್ತದೆ, ಹೃದಯದ ಸ್ನಾಯು ಹಿಗ್ಗಿ ಸೋಲುತ್ತದೆ. ಇದು ಬರೀ ಮನೆಯೂಟದ ಸಮಸ್ಯೆಯಾಗಿರಲಿಲ್ಲ. ಆಗಿನ ಪೊಟ್ಟಣದ ಆಹಾರ ತಿಂದ ಬೆಕ್ಕುಗಳಿಗೂ ಟಾರಿನ್ ಕೊರತೆಯಿಂದಲೇ ಹೃದ್ರೋಗ ಬರುತ್ತಿದೆ ಎಂದು ಕ್ಯಾಲಿಫೋರ್ನಿಯದ ಡೇವಿಸ್‌ನ ಸಂಶೋಧಕರು 1987ರಲ್ಲಿ ತೋರಿಸಿದರು. ಆಮೇಲೆ ಕಂಪನಿಗಳು ಟಾರಿನ್ ಹೆಚ್ಚಿಸಿದವು. ಈಗ ಆಫ್ಕೋ ಪ್ರಕಾರ ಒಣ ಆಹಾರದಲ್ಲಿ ಕನಿಷ್ಠ 0.1 ಶೇಕಡಾ, ಡಬ್ಬಿ-ಪೌಚಿನದರಲ್ಲಿ 0.2 ಶೇಕಡಾ ಇರಬೇಕು.

ಪೊಟ್ಟಣಗಳಿಗೆ ಹಾಕುವ ಟಾರಿನ್ ಕಾರ್ಖಾನೆಯಲ್ಲಿ ತಯಾರಾದ ರಾಸಾಯನಿಕವೇ. ಆದ್ದರಿಂದ ಸಸ್ಯಮೂಲದ ಪರಿಪೂರ್ಣ ಆಹಾರ ಕಾಗದದ ಮೇಲೆ ಸಾಧ್ಯ, ಹೊರದೇಶಗಳಲ್ಲಿ ಮಾರಾಟಕ್ಕೂ ಇದೆ. ಆದರೆ ಅದನ್ನು ತಿನ್ನುವ ಬೆಕ್ಕಿನ ರಕ್ತ-ಮೂತ್ರವನ್ನು ಪಶುವೈದ್ಯರಿಂದ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು, ಗಂಡುಬೆಕ್ಕಿಗಂತೂ ಮೂತ್ರದಲ್ಲಿ ಹರಳು ಕಟ್ಟುವ ಭಯ ಜಾಸ್ತಿ. ಅಷ್ಟು ಮಾಡಲಾಗದವರು ಆ ಪ್ರಯೋಗಕ್ಕೆ ಇಳಿಯದಿರುವುದೇ ಮೇಲು. ಅಡುಗೆಮನೆಗೆ ಮಾಂಸ ತರಬಾರದೆಂಬ ಮನೆಗಳಿಗೆ ಸುಲಭದ ದಾರಿ ಇದೆ: ಕೋಳಿ ಆಧಾರಿತ ಒಣ ಆಹಾರದ ಪೊಟ್ಟಣ, ಅದಕ್ಕೊಂದು ಬೇರೆ ಡಬ್ಬಿ, ಬೇರೆ ಬಟ್ಟಲು, ಜಗಲಿಯಲ್ಲೋ ಬಾಲ್ಕನಿಯಲ್ಲೋ ಒಂದು ಜಾಗ. ಹಾಲು ಬೇಡ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗದೆ ಭೇದಿಯಾಗುತ್ತದೆ.

ಕೋಳಿಯ ಪಕ್ಕದ ಮಾತು

ಮೀನಿಗಿಂತ ಕೋಳಿ ಆಧಾರಿತ ಆಹಾರವನ್ನು ಮುಂದಿಡಲು ಕಾರಣ ಸರಳ. ಕೋಳಿಯ ಪುಡಿ ಬಹುಮಟ್ಟಿಗೆ ಮನುಷ್ಯರ ಮಾಂಸಕ್ಕೆಂದು ಕೊಯ್ದ ಕೋಳಿಯ ಉಳಿಕೆ. ಬೆಕ್ಕಿಗಾಗಿಯೇ ಯಾರೂ ಕೋಳಿ ಸಾಕುವುದಿಲ್ಲ. ಹಾಗೆಂದು ಅದೂ ನಿಷ್ಕಳಂಕವೇನಲ್ಲ. ಆರು ವಾರದೊಳಗೆ ಎರಡು ಕಿಲೋಗೆ ಏರುವ ಬ್ರಾಯ್ಲರ್ ಕೋಳಿಗಳ ಕಾಲು ತಮ್ಮ ಮೈಭಾರವನ್ನೇ ತಾಳಲಾರದೆ ಸೋಲುತ್ತದೆ. ಔಷಧಿಯ ಬಳಕೆಯೂ ಪ್ರಶ್ನೆಯೇ. ಮನುಷ್ಯರ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಅನ್ನು ಕೋಳಿಗಳ ಮೇವಿಗೆ ಬೆರೆಸದಂತೆ ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ನಿಷೇಧಿಸಿತು ಎಂಬುದರಿಂದಲೇ ಅದಕ್ಕೆ ಮೊದಲು ಏನಾಗುತ್ತಿತ್ತೆಂದು ಊಹಿಸಬಹುದು.

ಕೋಳಿ ಅಂಗಡಿಯಿಂದ ನೇರ ತರುವುದಾದರೆ ಹೃದಯ ಕೇಳಿ ತನ್ನಿ. ಟಾರಿನ್ ಅಲ್ಲಿ ಹೇರಳ, ಗಿರಾಕಿ ಕಡಿಮೆ. ಗಿಜರ್ಡ್ ಕೂಡ ಒಳ್ಳೆಯದು. ಲಿವರ್ ಮಾತ್ರ ಒಟ್ಟು ಮಾಂಸದ 5 ಶೇಕಡಾ ದಾಟಬಾರದು. ತಿಂಗಳುಗಟ್ಟಲೆ ಲಿವರೇ ತಿಂದ ಬೆಕ್ಕಿನ ಕುತ್ತಿಗೆಯ ಮೂಳೆಗಳು ಎ ಜೀವಸತ್ವ ಹೆಚ್ಚಾಗಿ ಬೆಸೆದುಕೊಳ್ಳುತ್ತವೆ. ಮೂಳೆಯಿಲ್ಲದ ಮಾಂಸವನ್ನಷ್ಟೇ ಹಾಕಿದರೆ ಸುಣ್ಣದ ಕೊರತೆ. ಮರಿಬೆಕ್ಕು ಸೋಫಾದಿಂದ ಹಾರಿದ್ದಕ್ಕೇ ಕಾಲು ಮುರಿದುಕೊಂಡು ಆಸ್ಪತ್ರೆಗೆ ಬರುವುದು ಹೀಗೆ. ಒಂದು ಕಿಲೋ ಮಾಂಸಕ್ಕೆ ಸುಮಾರು 6 ಗ್ರಾಂ ನುಣ್ಣನೆಯ ಮೊಟ್ಟೆಚಿಪ್ಪಿನ ಪುಡಿ ಸುಣ್ಣದ ಲೆಕ್ಕವನ್ನು ಸರಿಮಾಡುತ್ತದೆ. ಅಯೋಡಿನ್, ಇ ಜೀವಸತ್ವ, ಬಿ1 ಇವುಗಳ ಲೆಕ್ಕ ಆಗಲೂ ಬಾಕಿ. ಆದ್ದರಿಂದ ಮನೆಯಲ್ಲಿ ಬೇಯಿಸಿದ್ದು ದಿನದ ಕ್ಯಾಲರಿಯ ಹತ್ತರಲ್ಲಿ ಒಂದು ಪಾಲು ಮೀರದಿರಲಿ. ಪೂರ್ತಿ ಮನೆಯೂಟವೇ ಬೇಕೆಂದರೆ ಪಶುವೈದ್ಯರಿಂದ ಪಟ್ಟಿ ಬರೆಸಿಕೊಳ್ಳಿ.

ತಲೆ-ಬಾಲದ ಲೆಕ್ಕ

ಆ ಹತ್ತರಲ್ಲಿ ಒಂದು ಪಾಲಿನಲ್ಲೇ ಕರಾವಳಿಯವರಿಗೆ ಉಳಿದ ಭಾರತಕ್ಕಿಲ್ಲದ ಅನುಕೂಲವಿದೆ. ಮೀನು ಎಲ್ಲಿಂದ ಬಂತೆಂದು ಮಾರುವವರನ್ನೇ ಕೇಳಬಹುದು. 'ಅಕ್ಕಾ, ಇದು ಬೋಟಿಂದಾ, ನಾಡದೋಣಿದಾ?' ಎಂದರೆ ಸಾಕು, ಉತ್ತರ ಥಟ್ಟನೆ ಬರುತ್ತದೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಬೋಟುಗಳಿಗೂ 10 ಅಶ್ವಶಕ್ತಿ ಮೀರಿದ ಎಂಜಿನ್ನಿನ ದೋಣಿಗಳಿಗೂ ರಾಜ್ಯದಲ್ಲಿ ನಿಷೇಧ. ಆ ದಿನಗಳಲ್ಲಿ ಸಿಗುವ ತಾಜಾ ಸ್ಥಳೀಯ ಮೀನು ನಾಡದೋಣಿಯದ್ದು, ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆಯದ್ದು. ಉಳಿದದ್ದು ಹೊರರಾಜ್ಯದ್ದು ಅಥವಾ ಮಂಜುಗಡ್ಡೆಯಲ್ಲಿ ಕಾದದ್ದು. ಬೆಳಕು ಹಾಯಿಸಿ ಹಿಡಿಯುವುದನ್ನೂ ಎರಡು ಬೋಟು ಕೂಡಿ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಅದು ಎಷ್ಟು ಪಾಲನೆಯಾಗುತ್ತಿದೆ ಎಂಬ ಜಗಳ ಇನ್ನೂ ಮುಗಿದಿಲ್ಲ.

ಬೆಕ್ಕಿಗೆಂದೇ ಇಡೀ ಮೀನು ಕೊಳ್ಳುವ ಮೊದಲು ಮೀನು ಕೊಯ್ದು ಕೊಡುವವರ ಹತ್ತಿರ ತಲೆ ಕೇಳಿ. ಕೊಡ್ಡೈ, ಮದ್ಮಲ್, ಬಂಗುಡೆಯ ತಲೆ ಒಳ್ಳೆಯದು. ಅಂಜಲ್, ತಾಟೆ, ಕೇದಾರ್‌ಗಳಂಥ ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಹೆಚ್ಚು ಕೂಡಿರುತ್ತದೆ, ಅಪರೂಪಕ್ಕೆ ಮಾತ್ರ. ಕಿವಿರು, ಕರುಳು ಕಿತ್ತು, ತೊಳೆದು, ಉಪ್ಪು-ಅರಿಶಿನ ಯಾವುದೂ ಹಾಕದೆ ಹದಿನೈದು ನಿಮಿಷ ಕುದಿಸಿ. ಆರಿದ ಮೇಲೆ ಮಾಂಸವನ್ನು ಕೈಯಲ್ಲೇ ಬಿಡಿಸಿ ಮುಳ್ಳು ಬಿಸಾಡಿ. ಬೂತಾಯಿಯಾದರೆ ಕುಕ್ಕರಿನಲ್ಲಿ ಅರ್ಧ ಗಂಟೆ ಬೆಂದಾಗ ಮುಳ್ಳು ಬೆರಳಲ್ಲೇ ಪುಡಿಯಾಗುತ್ತದೆ, ಅದರ ಸುಣ್ಣವೂ ಸಿಗುತ್ತದೆ. ಒಂದು ಸಾಮಾನ್ಯ ಗಾತ್ರದ ಬೂತಾಯಿಯ ಮಾಂಸ ಸುಮಾರು 20 ಗ್ರಾಂ. ನಾಲ್ಕು ಕಿಲೋ ಬೆಕ್ಕಿನ ಹತ್ತು ಶೇಕಡಾ ಕ್ಯಾಲರಿಗೆ ಅಷ್ಟೇ ಸಾಕು. ವಾರಕ್ಕೆ ಎರಡು ಮೂರು ದಿನ. ಆ ದಿನ ಒಣ ಆಹಾರವನ್ನು ಆರೇಳು ಗ್ರಾಂ ಕಡಿಮೆ ಮಾಡಿ.

ಹಸಿಯಾಗಿ ಹಾಕಬೇಡಿ. ಬೂತಾಯಿ, ಕೊಲ್ಲತರುಗಳ ಜಾತಿಯ ಹಸಿ ಮೀನುಗಳಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿರುತ್ತದೆ. ಅದನ್ನೇ ದಿನವೂ ತಿಂದ ಬೆಕ್ಕು ತಲೆಯನ್ನು ಎದೆಗೆ ಬಾಗಿಸಿ ತೂರಾಡುತ್ತದೆ, ಆಮೇಲೆ ಅಪಸ್ಮಾರ ಬಂದಂತೆ ಅದುರುತ್ತದೆ. ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ಬೇಯಿಸಿದರೂ ಹೋಗದ್ದು ಹಿಸ್ಟಮಿನ್ ಎಂಬ ವಿಷಾಂಶ: ಮಂಜುಗಡ್ಡೆಯಿಲ್ಲದೆ ಬಿಸಿಲಿಗೆ ಬಿದ್ದ ಬಂಗುಡೆ, ಬೂತಾಯಿ, ಕೇದಾರ್‌ಗಳಲ್ಲಿ ಅದು ಬೆಳೆಯುತ್ತದೆ. ಆದ್ದರಿಂದ 'ಬೆಕ್ಕಿಗೆ ತಾನೇ' ಎಂದು ಸಂಜೆಯ ಹಳಸಲು ಮೀನು ತರುವುದು ಉಳಿತಾಯವಲ್ಲ. ಎಣ್ಣೆ ಮೀನು ಅತಿಯಾದರೆ ಇ ಜೀವಸತ್ವ ಸಾಲದೆ ಚರ್ಮದಡಿಯ ಕೊಬ್ಬು ಹಳದಿಗಟ್ಟಿ ಉರಿಯುತ್ತದೆ. ಬೆನ್ನು ಮುಟ್ಟಿದರೆ ಕಿರುಚುವ ಬೆಕ್ಕಿನ ಊಟದ ಇತಿಹಾಸ ಕೇಳಿದರೆ ಬಹಳ ಸಲ ಬರೀ ಮೀನು. ಬೇಯಿಸಿಟ್ಟದ್ದನ್ನು ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಒಂದು ತಿಂಗಳೊಳಗೆ ಮುಗಿಸಿ.

ಗಸಿಯ ತಳದಲ್ಲಿ ಉಳಿದ ತುಂಡನ್ನು ಅನ್ನಕ್ಕೆ ಕಲಸಿ ಹಾಕುವ ಅಭ್ಯಾಸ ಬಿಡಲೇಬೇಕು. ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಅರೆದು ಬೇಯಿಸಿದರೂ ಅದೇ. ಒಣಮೀನಿನಲ್ಲಿ ವಿಪರೀತ ಉಪ್ಪು. ಬಂದರಿನ ಕಸಮೀನಿನ ರಾಶಿಯಿಂದ ಬೀದಿಬೆಕ್ಕುಗಳಿಗೆ ಎತ್ತಿ ಹಾಕುವವರು ಮುಟ್ಟಿದರೆ ಹೊಟ್ಟೆ ಉಬ್ಬಿಸಿಕೊಳ್ಳುವ ಪಫರ್ ಮೀನನ್ನು ಬೇರೆ ಮಾಡಿ. ಅದರ ವಿಷ ಬೇಯಿಸಿದರೂ ಇಳಿಯುವುದಿಲ್ಲ.

ಕಂಪನಿಗೆ ಏನು ಕೇಳಬೇಕು

ಪೊಟ್ಟಣದ ಮೇಲಿನ ಇಮೇಲಿಗೆ ನಾಲ್ಕು ಪ್ರಶ್ನೆ ಕಳುಹಿಸಿ. ಫಿಶ್‌ಮೀಲ್ ಇಡೀ ಮೀನಿನದೋ ಸಂಸ್ಕರಣೆಯ ಉಳಿಕೆಯದೋ, ಯಾವ ಪ್ರಮಾಣದಲ್ಲಿ? ಯಾವ ಜಾತಿ, ಯಾವ ದೇಶದ ಕಡಲು? ಮೀಲ್ ಪೂರೈಸುವ ಕಾರ್ಖಾನೆಗೆ, ಹೊಣೆಯರಿತು ಮೀನು ತರುವವರಿಗೆ ಕೊಡುವ ಮರೀನ್‌ಟ್ರಸ್ಟ್ ಪ್ರಮಾಣಪತ್ರ ಇದೆಯೇ? ಮೀಲ್ ಕೆಡದಂತೆ ಯಾವ ರಕ್ಷಕ ಬೆರೆಸಿದ್ದೀರಿ? ಕೊನೆಯ ಪ್ರಶ್ನೆಗೆ ಕಾರಣವಿದೆ. ಎಣ್ಣೆಯಂಶವಿರುವ ಫಿಶ್‌ಮೀಲ್ ಹಡಗಿನಲ್ಲಿ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಅದಕ್ಕಾಗಿ ಎಥಾಕ್ಸಿಕ್ವಿನ್ ಬೆರೆಸುತ್ತ ಬಂದಿದ್ದಾರೆ. ಯುರೋಪಿಯನ್ ಒಕ್ಕೂಟ 2017ರಲ್ಲಿ ಮೇವಿನಲ್ಲಿ ಅದರ ಬಳಕೆಗೆ ತಡೆ ಹಾಕಿತು. ಅದು ಆಹಾರ ತಯಾರಿಸುವವನು ಹಾಕಿದ್ದಲ್ಲ, ಮೀಲ್ ತಯಾರಿಸಿದವನು ಹಾಕಿದ್ದು; ಹಾಗಾಗಿ ಪಟ್ಟಿಯಲ್ಲಿ ಕಾಣದೆಯೂ ಒಳಗಿರಬಹುದು.

'ನಾವು ಅತ್ಯುತ್ತಮ ಗುಣಮಟ್ಟದ ಕಚ್ಚಾ ವಸ್ತು ಬಳಸುತ್ತೇವೆ' ಎಂದು ಬಂದರೆ ಉತ್ತರ ಬಂದಿಲ್ಲ ಎಂದೇ ತಿಳಿಯಿರಿ. 'ಮೂಲ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಈ ವರ್ಷ ಇಂಥಲ್ಲಿಂದ' ಎಂಬ ಉತ್ತರ, ಕೇಳಲು ಅಷ್ಟು ಚೆಂದವಿಲ್ಲದಿದ್ದರೂ, ನಂಬಲು ಯೋಗ್ಯ. ಮೀನಿನ ಸಂತತಿ ಉಳಿಯುವಂತೆ ಹಿಡಿದದ್ದು ಎಂದು ಸಾರುವ ನೀಲಿ ಬಣ್ಣದ ಎಂಎಸ್‌ಸಿ ಮುದ್ರೆ ಆಮದು ಪೌಚುಗಳಲ್ಲಿ ಕೆಲವೊಮ್ಮೆ ಸಿಗುತ್ತದೆ. ಅದರ ಅಡಿಯಲ್ಲಿ ಸಂಕೇತ ಸಂಖ್ಯೆ ಇರಬೇಕು. ಭಾರತದಲ್ಲಿ ಆ ಮುದ್ರೆ ಮೊದಲು ಸಿಕ್ಕಿದ್ದು 2014ರಲ್ಲಿ ಕೊಲ್ಲಂನ ಅಷ್ಟಮುಡಿ ಹಿನ್ನೀರಿನ ಚಿಪ್ಪುಮೀನಿಗೆ. ಬೂತಾಯಿಗೋ ಬಂಗುಡೆಗೋ ಅಲ್ಲ. ಆದ್ದರಿಂದ ಮುದ್ರೆಯಿಲ್ಲ ಎಂಬ ಕಾರಣಕ್ಕೆ ನಾಡದೋಣಿಯ ಮೀನನ್ನು ಕೀಳೆಂದು ಭಾವಿಸುವುದು ಅನ್ಯಾಯ. ಪ್ರಮಾಣಪತ್ರಕ್ಕೆ ದುಡ್ಡು ಸುರಿಯುವ ಶಕ್ತಿ ದೋಣಿಯವನಿಗೆಲ್ಲಿದೆ?

ಚೀಲ ಬಿಚ್ಚಿದ ಮೇಲೆ

ಗೋಣಿಯಿಂದ ಅಳೆದು ಬಿಡಿಯಾಗಿ ಮಾರುವ ಆಹಾರ ಅಗ್ಗ. ಅದರ ಜತೆಗೆ ಪಟ್ಟಿ, ದಿನಾಂಕ, ಬ್ಯಾಚ್ ಸಂಖ್ಯೆ, ಮೂಲ ದೇಶ ಎಲ್ಲವೂ ಗೋಣಿಯಲ್ಲೇ ಉಳಿಯುತ್ತವೆ. ಮೂಲ ವಿಚಾರಿಸುವವರು ಬಿಡಿ ಸರಕು ಕೊಳ್ಳುವುದರಲ್ಲಿ ಅರ್ಥವಿಲ್ಲ. ನಮ್ಮ ಆಷಾಢ-ಶ್ರಾವಣದ ತೇವದಲ್ಲಿ ತೆರೆದ ಗೋಣಿಯ ಜೋಳದಂಶಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಭಯ ಬೇರೆ. ಮಳೆಗಾಲದಲ್ಲಿ ಒಂದೂವರೆ ಕಿಲೋ ಮೀರದ ಪೊಟ್ಟಣ ತನ್ನಿ, ಮೂರ್ನಾಲ್ಕು ವಾರದಲ್ಲಿ ಮುಗಿಯುವಷ್ಟು. ಪೊಟ್ಟಣದ ಸಮೇತ ಗಾಳಿಯಾಡದ ಡಬ್ಬಿಯಲ್ಲಿಡಿ. ಡಬ್ಬಿಗೆ ಸುರಿದರೆ ತಳದ ಹಳೆಯ ಎಣ್ಣೆ ಹೊಸದನ್ನೂ ಕೆಡಿಸುತ್ತದೆ. ಇರುವೆಗೆ ಬಟ್ಟಲನ್ನು ನೀರಿನ ತಟ್ಟೆಯಲ್ಲಿಡುವ ಹಳೆಯ ಉಪಾಯವೇ ಸರಿ.

ಹೊಸ ಆಹಾರಕ್ಕೆ ಒಮ್ಮೆಲೇ ಹಾರಬೇಡಿ. ಮೊದಲ ಎರಡು ಮೂರು ದಿನ ಕಾಲು ಭಾಗ ಹೊಸದು, ಮತ್ತೆರಡು ಮೂರು ದಿನ ಅರ್ಧ, ಆಮೇಲೆ ಮುಕ್ಕಾಲು, ಹತ್ತನೇ ದಿನ ಪೂರ್ತಿ. ಮೀನಿನ ವಾಸನೆಗೆ ಒಗ್ಗಿದ ಬೆಕ್ಕು ಕೋಳಿಯ ಆಹಾರವನ್ನು ಮೂಸಿ ತಿರುಗಿ ಹೋಗುವುದುಂಟು. ಬೂತಾಯಿ ಬೇಯಿಸಿದ ಉಪ್ಪಿಲ್ಲದ ನೀರನ್ನು ಎರಡು ಚಮಚ ಉಗುರುಬೆಚ್ಚಗೆ ಮಾಡಿ ಮೇಲೆ ಚಿಮುಕಿಸಿದರೆ ಸಾಮಾನ್ಯವಾಗಿ ಒಪ್ಪುತ್ತದೆ. 'ಹಸಿವಾದರೆ ತಾನೇ ತಿನ್ನುತ್ತೆ' ಎಂದು ಹಟಕ್ಕೆ ಬೀಳಬೇಡಿ. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಲಿವರಿಗೆ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ಒಂದು ಪೂರ್ತಿ ದಿನ ಏನೂ ಮುಟ್ಟದಿದ್ದರೆ ಹಳೆಯ ಆಹಾರಕ್ಕೆ ಮರಳಿ, ಒಂದು ವಾರ ಬಿಟ್ಟು ಕಾಲು ಭಾಗದ ಬದಲು ಹತ್ತರಲ್ಲಿ ಒಂದು ಭಾಗದಿಂದ ಮತ್ತೆ ಶುರುಮಾಡಿ.